ಕಡಲ ಕಪ್ತಾನ, ಓಹಾಯೋ ರೈತ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಓಹಾಯೋ ರಾಜ್ಯದಲ್ಲಿ ಮರಿಯೆಟ್ಟಾ ಅಂತ ಒಂದು ಸಣ್ಣ ಊರಿದೆ. ಮಸ್ಕಿಂಗಮ್ ಅನ್ನೋ ನದಿ ಬಂದು ಓಹಾಯೋ ನದಿಗೆ ಸೇರುವ ಜಾಗ. ಸಮುದ್ರ ಅಲ್ಲಿಂದ ನೂರಾರು ಮೈಲಿ ದೂರ. ಆದರೂ ಆ ಊರಿನ ಹಳೇ ಸ್ಮಶಾನದಲ್ಲಿ ಅಮೆರಿಕದ ಮೊದಲ ನೌಕಾಪಡೆಯ ಒಬ್ಬ ಕಮಡೋರ್, ಅಂದರೆ ಹಡಗುಗಳ ತಂಡದ ಮುಖ್ಯಸ್ಥನ ಸಮಾಧಿ ಇದೆ. ಹೆಸರು ಏಬ್ರಹಾಂ ವಿಪಲ್.

ಸಮಾಧಿಯ ಕಲ್ಲಿನ ಮೇಲೆ ಅವನನ್ನು ಬಾಯ್ತುಂಬ ಹೊಗಳಿದ್ದಾರೆ. ಕಡಲಿನಲ್ಲಿ ಬ್ರಿಟನ್ನಿಗೆ ಮೊದಲು ಸವಾಲು ಹಾಕಿದವನು ಅಂತ ಒಂದು ಮಾತು. ಓಹಾಯೋ ನದಿಯಲ್ಲಿ ಕಟ್ಟಿದ ಮೊದಲ ದೊಡ್ಡ ಹಾಯಿಹಡಗನ್ನು ಸಮುದ್ರಕ್ಕೆ ಮುಟ್ಟಿಸಿದವನು ಅಂತ ಇನ್ನೊಂದು. ಎರಡೂ ನೀರಿನ ಮಾತೇ. ಈ ಎರಡರ ನಡುವೆ, ಆಮೇಲೆ ಕೂಡ, ಅವನು ಅದೇ ನದಿಯ ದಂಡೆಯಲ್ಲಿ ಗುದ್ದಲಿ ಹಿಡಿದು ಬೇಸಾಯ ಮಾಡಿದ. ಕಲ್ಲಿನಲ್ಲಿ ಅದರ ಸುದ್ದಿಯೇ ಇಲ್ಲ. ನನಗೆ ಕುತೂಹಲ ಇರುವುದು ಆ ಬೇಸಾಯದ ಬಗ್ಗೆ. ಇಷ್ಟು ದೊಡ್ಡ ಕಪ್ತಾನ ಅರವತ್ತು ದಾಟಿದ ಮೇಲೆ ಕಾಡು ಕಡಿದು ಮುಸುಕಿನ ಜೋಳ ಹಾಕುವ ಪರಿಸ್ಥಿತಿ ಯಾಕೆ ಬಂತು? ಅದನ್ನು ಹುಡುಕಿಕೊಂಡು ಹೋದರೆ ಮೊದಲು ಕಡಲಿಗೇ ಹೋಗಬೇಕಾಗುತ್ತದೆ.

ವಿಪಲ್ ಹುಟ್ಟಿದ್ದು 1733ರಲ್ಲಿ, ರೋಡ್ ಐಲೆಂಡಿನ ಪ್ರಾವಿಡೆನ್ಸ್ ಹತ್ತಿರ. ಆ ಊರಿನ ಹುಡುಗರಿಗೆ ಹಡಗಿನ ಕೆಲಸ ಅಂದರೆ ಮನೆ ಕೆಲಸ ಇದ್ದ ಹಾಗೆ. ವೆಸ್ಟ್ ಇಂಡೀಸ್ ದ್ವೀಪಗಳಿಗೆ ಸರಕು ಒಯ್ಯುವುದು, ಅಲ್ಲಿಂದ ಕಾಕಂಬಿ ತರುವುದು. ಆ ದ್ವೀಪಗಳಲ್ಲಿ ಕಬ್ಬು ಬೆಳೆದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಆ ಊರಿನ ಸಿರಿವಂತಿಕೆಯ ಬುಡದಲ್ಲಿ ಇದು ಇತ್ತು. ವಿಪಲ್‌ನ ಹೆಂಡತಿ ಸಾರಾಳ ನೆಂಟ ಈಸೆಕ್ ಹಾಪ್ಕಿನ್ಸ್ 1764ರಲ್ಲಿ 'ಸ್ಯಾಲಿ' ಅನ್ನೋ ಗುಲಾಮರ ಹಡಗಿನ ಕಪ್ತಾನನಾಗಿದ್ದ. ಆ ಒಂದೇ ಯಾನದಲ್ಲಿ ನೂರಕ್ಕೂ ಜಾಸ್ತಿ ಜನ ಸತ್ತರು. ವೀರರ ಕಥೆ ಹೇಳುವಾಗ ಈ ಪುಟವನ್ನು ಮಡಚಿಡುವ ಅಭ್ಯಾಸ ತುಂಬ ಜನರಿಗಿದೆ. ನಾನು ಮಡಚುವುದಿಲ್ಲ.

ಫ್ರೆಂಚರ ಜೊತೆ ಬ್ರಿಟನ್ನಿಗೆ ಯುದ್ಧ ನಡೆಯುತ್ತಿದ್ದಾಗ ವಿಪಲ್ 'ಗೇಮ್‌ಕಾಕ್' ಅನ್ನೋ ಖಾಸಗಿ ಯುದ್ಧಹಡಗಿನ ಕಪ್ತಾನ. ಒಂದೇ ಸುತ್ತಿನಲ್ಲಿ 23 ಫ್ರೆಂಚ್ ಹಡಗುಗಳನ್ನು ಹಿಡಿದ. ಆಗ ಅವನು ಬ್ರಿಟಿಷ್ ದೊರೆಯ ನಿಷ್ಠಾವಂತ ಪ್ರಜೆ.

ಹನ್ನೆರಡು ವರ್ಷದಲ್ಲಿ ಎಲ್ಲ ತಲೆಕೆಳಗಾಯಿತು. ಸುಂಕ ತಪ್ಪಿಸುವವರನ್ನು ಹಿಡಿಯಲು ಬ್ರಿಟಿಷರು 'ಗ್ಯಾಸ್ಪಿ' ಅನ್ನೋ ಹಡಗನ್ನು ರೋಡ್ ಐಲೆಂಡಿನ ಕೊಲ್ಲಿಗೆ ಬಿಟ್ಟಿದ್ದರು. ಅದರ ಅಧಿಕಾರಿ ಡಡ್ಡಿಂಗ್‌ಸ್ಟನ್ ಕಂಡರೆ ಊರಿಗೆ ಊರೇ ಉರಿದುಬೀಳುತ್ತಿತ್ತು. 1772ರ ಜೂನ್ 9ರಂದು 'ಹ್ಯಾನಾ' ಅನ್ನೋ ಹಡಗನ್ನು ಅಟ್ಟಿಸಿಕೊಂಡು ಬಂದ ಗ್ಯಾಸ್ಪಿ, ನೀರು ಇಳಿಯುವ ಹೊತ್ತಿನಲ್ಲಿ ಮರಳಿಗೆ ಸಿಕ್ಕಿಕೊಂಡಿತು. ಮತ್ತೆ ನೀರು ಏರಬೇಕಾದರೆ ಮಧ್ಯರಾತ್ರಿ ಕಳೆಯಬೇಕು. ಸುದ್ದಿ ಪ್ರಾವಿಡೆನ್ಸಿಗೆ ಮುಟ್ಟಿತು. ಜಾನ್ ಬ್ರೌನ್ ಅನ್ನೋ ದೊಡ್ಡ ವ್ಯಾಪಾರಿ ಎಂಟು ದೋಣಿ ಹೊರಡಿಸಿದ. ಸದ್ದಾಗಬಾರದು ಅಂತ ಹುಟ್ಟು ಸಿಕ್ಕಿಸುವ ಕಡೆಗೆಲ್ಲ ಬಟ್ಟೆ ಸುತ್ತಿದರು. ಮುಂದಾಳು ವಿಪಲ್.

ಕತ್ತಲಲ್ಲಿ ಕಾವಲಿನವನು ಯಾರು ಅಂತ ಕೂಗಿದ. ವಿಪಲ್ ಏನು ಹೇಳಿದ ಗೊತ್ತಾ? ನಾನು ಕೆಂಟ್ ಕೌಂಟಿಯ ಶೆರಿಫ್, ನಿನ್ನನ್ನು ಹಿಡಿಯಲು ವಾರಂಟ್ ತಂದಿದ್ದೇನೆ ಅಂದ. ಜೊತೆಗೆ ಎರಡು ಬೈಗುಳ. ಶೆರಿಫೂ ಇಲ್ಲ, ವಾರಂಟೂ ಇಲ್ಲ, ಬರೀ ಸುಳ್ಳು. ಡಡ್ಡಿಂಗ್‌ಸ್ಟನ್‌ಗೆ ಗುಂಡು ತಗುಲಿತು, ಬದುಕಿಕೊಂಡ. ಬೆಳಗಾಗುವಷ್ಟರಲ್ಲಿ ಹಡಗು ಸುಟ್ಟು ಬೂದಿ. ಸುಳಿವು ಕೊಟ್ಟವರಿಗೆ 1000 ಪೌಂಡಿನವರೆಗೆ ಬಹುಮಾನ ಅಂತ ಲಂಡನ್ನಿನಿಂದ ಸಾರಿದರು. ಊರಲ್ಲಿ ಯಾರೂ ಬಾಯಿ ಬಿಡಲಿಲ್ಲ.

ಮೂರು ವರ್ಷದ ಮೇಲೆ ಬ್ರಿಟನ್ನಿನ ವಿರುದ್ಧ ಅಮೆರಿಕದ ಸ್ವಾತಂತ್ರ್ಯ ಯುದ್ಧ ಶುರುವಾದಾಗ ಬ್ರಿಟಿಷ್ ಕಪ್ತಾನ ಜೇಮ್ಸ್ ವಾಲೆಸ್ ಅವನಿಗೆ ಒಂದು ಕಾಗದ ಕಳಿಸಿದ ಅಂತ ಪ್ರತೀತಿ. ಗ್ಯಾಸ್ಪಿ ಸುಟ್ಟವನು ನೀನೇ, ನಿನ್ನನ್ನು ಹಡಗಿನ ಅಡ್ಡಮರಕ್ಕೆ ನೇಣು ಹಾಕುತ್ತೇನೆ ಅಂತ. ವಿಪಲ್ ಉತ್ತರ ಒಂದೇ ಸಾಲು. ನೇಣು ಹಾಕುವ ಮುಂಚೆ ಮನುಷ್ಯನನ್ನು ಹಿಡಿಯಬೇಕು, ಸ್ವಾಮಿ!

ಇಲ್ಲೊಂದು ಅಡ್ಡಮಾತು ಹೇಳದೆ ಇರಲಾರೆ. ಅದೇ ಜಾನ್ ಬ್ರೌನನ 'ಜನರಲ್ ವಾಷಿಂಗ್ಟನ್' ಅನ್ನೋ ಹಡಗನ್ನು ಬ್ರಿಟಿಷರು 1780ರಲ್ಲಿ ಹಿಡಿದು 'ಜನರಲ್ ಮಾಂಕ್' ಅಂತ ಹೆಸರು ಬದಲಿಸಿದರು. 1782ರ ಏಪ್ರಿಲ್‌ನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಅದನ್ನು ಸೋಲಿಸಿ ವಾಪಸು ತಂದ ಅಮೆರಿಕನ್ ಹಡಗಿನ ಹೆಸರು 'ಹೈದರ್ ಅಲಿ'. ಹೌದು, ನಮ್ಮ ಶ್ರೀರಂಗಪಟ್ಟಣದ ಹೈದರ್ ಅಲಿಯೇ. ಬ್ರಿಟಿಷರನ್ನು ನೀರು ಕುಡಿಸಿದವನು ಅಂತ ಅವನ ಹೆಸರು ಆಗಲೇ ಫಿಲಡೆಲ್ಫಿಯಾದವರೆಗೆ ಹೋಗಿತ್ತು.

ವಿಪಲ್ ವಿಷಯಕ್ಕೆ ಬರೋಣ. ಯುದ್ಧದ ಕಾಲದ ಅವನ ಸಾಹಸಗಳಲ್ಲಿ ಒಂದನ್ನು ಮಾತ್ರ ಹೇಳುತ್ತೇನೆ, ದುಡ್ಡಿನ ಲೆಕ್ಕಕ್ಕೆ ಬೇಕು ಅಂತ. 1779ರ ಜುಲೈ. ನ್ಯೂಫೌಂಡ್‌ಲೆಂಡ್ ಹತ್ತಿರ ದಟ್ಟ ಮಂಜು. ವಿಪಲ್ ಕೈಕೆಳಗೆ ಮೂರು ಹಡಗು. ಮಂಜಿನೊಳಗಿಂದ ಗಂಟೆಯ ಸದ್ದು ಕೇಳುತ್ತಿದೆ. ಮಂಜು ಹರಿದಾಗ ನೋಡಿದರೆ ಜಮೈಕಾದಿಂದ ಹೊರಟ ಬ್ರಿಟಿಷ್ ವ್ಯಾಪಾರಿ ಹಡಗುಗಳ ದೊಡ್ಡ ಗುಂಪು, ಜೊತೆಗೆ ಕಾವಲಿನ ಯುದ್ಧಹಡಗುಗಳು. ಇವರು ಆ ಗುಂಪಿನ ಮಧ್ಯದಲ್ಲೇ ಇದ್ದಾರೆ! ಸಹಕಪ್ತಾನ ರಾತ್‌ಬನ್ ತಾನು ಬ್ರಿಟಿಷ್ ಕಾವಲಿನವನು ಅಂತ ನಟಿಸಿ ಒಂದೊಂದೇ ಹಡಗನ್ನು ಸದ್ದಿಲ್ಲದೆ ವಶ ಮಾಡಿಕೊಳ್ಳುತ್ತಾ ಹೋದ. ವಿಪಲ್ ಮೊದಲು ಗಾಬರಿಯಾಗಿ ಜಾರಿಕೊಳ್ಳೋಣ ಅಂದನಂತೆ, ಆಮೇಲೆ ಒಪ್ಪಿದ. 11 ಹಡಗು ಹಿಡಿದರು, 8 ಬಾಸ್ಟನ್ ಮುಟ್ಟಿದವು. ಹಡಗು ಮತ್ತು ಸರಕು ಸೇರಿ ಹತ್ತು ಲಕ್ಷ ಡಾಲರಿಗೂ ಜಾಸ್ತಿ ಬೆಲೆ.

ಹಾಗಾದರೆ ಸಿರಿವಂತನಾಗಿ ಸಾಯಬೇಕಿತ್ತು, ಅಲ್ವಾ? ಮಾರನೇ ವರ್ಷವೇ ಗ್ರಹಚಾರ ತಿರುಗಿತು. 1780ರ ಮೇ 12ರಂದು ಚಾರ್ಲ್ಸ್‌ಟನ್ ನಗರ ಬ್ರಿಟಿಷರಿಗೆ ಶರಣಾಯಿತು. ಅಲ್ಲಿ ಕಾವಲಿಗಿದ್ದ ವಿಪಲ್ ಹಡಗುಗಳ ಸಮೇತ ಸೆರೆಸಿಕ್ಕ. ಮತ್ತೆ ಹೋರಾಡುವುದಿಲ್ಲ ಅಂತ ಮಾತು ಕೊಟ್ಟು ಬಿಡುಗಡೆಯಾದ. ಯುದ್ಧ ಮುಗಿಯುವವರೆಗೆ ಕೈಕಟ್ಟಿ ಕೂತ.

ಇನ್ನೊಂದು ಹೊಡೆತ ಒಳಗಿನದು. ಹಡಗಿನವರಿಗೆ ಸಂಬಳ, ಊಟ, ಬಟ್ಟೆ ಅಂತ ವಿಪಲ್ ಕೈಯಿಂದ ಹಣ ಹಾಕಿದ್ದ. ಸರ್ಕಾರದ ಬೊಕ್ಕಸ ಖಾಲಿ. ಕಾಂಟಿನೆಂಟಲ್ ಅನ್ನೋ ಸರ್ಕಾರಿ ನೋಟಿನ ಬೆಲೆ ಎಷ್ಟು ಬಿದ್ದಿತ್ತು ಅಂದರೆ, 1780ರಲ್ಲಿ 40 ಕಾಗದದ ಡಾಲರಿಗೆ ಒಂದು ಬೆಳ್ಳಿ ಡಾಲರ್ ಅಂತ ಅಲ್ಲಿನ ಸಂಸತ್ತು, ಕಾಂಗ್ರೆಸ್ಸೇ ಒಪ್ಪಿಕೊಂಡಿತು. 1786ರಲ್ಲಿ ವಿಪಲ್ ಕಾಂಗ್ರೆಸ್ಸಿಗೆ ಅರ್ಜಿ ಹಾಕಿದ. ನನ್ನ ಜಮೀನು ಅಡಮಾನದಲ್ಲಿದೆ, ನನ್ನ ದುಡ್ಡು ನನಗೆ ಕೊಡಿ ಅಂತ. ಕೊಟ್ಟದ್ದು ಸರ್ಕಾರಿ ಸಾಲಪತ್ರ. ಪೇಟೆಗೆ ಒಯ್ದರೆ ಮುಖಬೆಲೆಯ ಚೂರುಪಾರು ಸಿಗುತ್ತಿತ್ತು. ಗ್ಯಾಸ್ಪಿ ಸುಟ್ಟವನನ್ನು ದೊರೆ ಹಿಡಿಯಲಿಲ್ಲ. ಸಾಲ ಕೊಟ್ಟವರು ಹಿಡಿದರು.

ಇಂಥ ಸಾಲಪತ್ರ ಹಿಡಿದುಕೊಂಡು ಕಂಗಾಲಾದ ಮಾಜಿ ಅಧಿಕಾರಿಗಳು ನ್ಯೂ ಇಂಗ್ಲೆಂಡಿನ ತುಂಬ ಇದ್ದರು. ಅವರಲ್ಲಿ ರೂಫಸ್ ಪಟ್ನಮ್ ಮತ್ತಿತರರು 1786ರ ಮಾರ್ಚ್‌ನಲ್ಲಿ ಬಾಸ್ಟನ್ನಿನ ಒಂದು ಹೆಂಡದಂಗಡಿಯಲ್ಲಿ ಸೇರಿ ಓಹಾಯೋ ಕಂಪನಿ ಕಟ್ಟಿದರು. ಒಂದು ಷೇರಿಗೆ 1000 ಡಾಲರ್ ಸಾಲಪತ್ರ, ಜೊತೆಗೆ 10 ಡಾಲರ್ ಚಿನ್ನ. ಯಾರಿಗೂ ಬೇಡವಾದ ಕಾಗದವನ್ನು ಸರ್ಕಾರಕ್ಕೇ ವಾಪಸು ಕೊಟ್ಟು ಪಶ್ಚಿಮದ ಕಾಡು ಕೊಂಡುಕೊಳ್ಳುವ ಉಪಾಯ. ಅಸಲಿ ಲೆಕ್ಕದಲ್ಲಿ ಎಕರೆಗೆ ಹತ್ತು ಸೆಂಟಿನ ಆಸುಪಾಸು ಬಿತ್ತು. ಚುರುಕು ಬುದ್ಧಿಯೇ, ಒಪ್ಪೋಣ. ಆದರೆ ಆ ಕಾಡು ಸರ್ಕಾರದ್ದಾಗಿತ್ತಾ? ಅಲ್ಲಿ ಶಾನಿ, ಲೆನಾಪೆ, ವಯಾಂಡಾಟ್ ಜನ ಬದುಕುತ್ತಿದ್ದರು. ಮೂಲನಿವಾಸಿಗಳ ಜಮೀನನ್ನು ಅವರ ಒಪ್ಪಿಗೆ ಇಲ್ಲದೆ ತೆಗೆದುಕೊಳ್ಳುವುದಿಲ್ಲ ಅಂತ ಆ ಪಶ್ಚಿಮ ಪ್ರದೇಶಕ್ಕಾಗಿ ಮಾಡಿದ 1787ರ ಕಾನೂನಿನಲ್ಲೇ ಬರೆದಿತ್ತು. ಬರೆದದ್ದು ಬರೆದ ಹಾಗೇ ಉಳಿಯಿತು. ಅದೇ ಕಾನೂನು ಆ ಪ್ರದೇಶದಲ್ಲಿ ಗುಲಾಮಗಿರಿಯನ್ನೂ ನಿಷೇಧಿಸಿತ್ತು.

1788ರ ಏಪ್ರಿಲ್ 7ರಂದು 48 ಗಂಡಸರ ಮೊದಲ ತಂಡ ಮರಿಯೆಟ್ಟಾದಲ್ಲಿ ಇಳಿಯಿತು. ಆಮೇಲೆ ವಿಪಲ್ ಕುಟುಂಬವೂ ಬೆಟ್ಟ ದಾಟಿ, ನದಿ ಹಿಡಿದು ಬಂತು. ಮಗಳು ಕ್ಯಾಥರೀನ್ ಜೊತೆ. ಅಳಿಯ ಎಬೆನೆಜರ್ ಸ್ಪ್ರೋಟ್ ಮೊದಲ ತಂಡದಲ್ಲೇ ಬಂದಿದ್ದ. ಆರೂಕಾಲು ಅಡಿಗಿಂತ ಎತ್ತರದ ಆಳು ಈ ಸ್ಪ್ರೋಟ್. ಆ ಇಡೀ ಪಶ್ಚಿಮ ಪ್ರದೇಶಕ್ಕೆ ಮೊದಲ ಶೆರಿಫ್ ಆದವನು ಅವನೇ. ಮಾವ ಸುಳ್ಳು ಹೇಳಿ ತೊಟ್ಟ ಪದವಿ ಅಳಿಯನಿಗೆ ನಿಜವಾಗಿ ಬಂತು!

ಶುರುವಿನ ವರ್ಷಗಳು ಸುಲಭದ್ದಲ್ಲ. 1789ರ ಶರತ್ಕಾಲದಲ್ಲಿ ಬೇಗ ಬಿದ್ದ ಹಿಮಕ್ಕೆ ಎಳೆ ಜೋಳ ಹಾಳಾಯಿತು. ಮರುವರ್ಷ ಊರಿಗೆ ಊರೇ ಬೂಷ್ಟು ಹಿಡಿದ ಕಾಳು ತಿಂದು, ಸೊಪ್ಪುಸದೆ ಬೇಯಿಸಿಕೊಂಡು ದಿನ ದೂಡಿತು. 1791ರಿಂದ ಮೂಲನಿವಾಸಿಗಳ ಜೊತೆ ಯುದ್ಧ. ಆ ವರ್ಷದ ನವೆಂಬರ್‌ನಲ್ಲಿ ಗವರ್ನರ್ ಸೇಂಟ್ ಕ್ಲೇರ್ ಸೈನ್ಯದಲ್ಲಿ 600ಕ್ಕೂ ಹೆಚ್ಚು ಜನ ಸತ್ತರು. ಮರಿಯೆಟ್ಟಾದವರು ಕೋಟೆಯೊಳಗೆ ಸೇರಿಕೊಂಡರು. ಕೋವಿ ಹಿಡಿದವನ ಕಾವಲಿಲ್ಲದೆ ಹೊಲಕ್ಕೆ ಹೋಗುವ ಹಾಗಿರಲಿಲ್ಲ. 1795ರಲ್ಲಿ ಗ್ರೀನ್‌ವಿಲ್ ಒಪ್ಪಂದವಾಗಿ, ಸೋತ ಜನ ಓಹಾಯೋದ ಬಹುಭಾಗ ಬಿಟ್ಟುಕೊಟ್ಟ ಮೇಲೆಯೇ ಊರಿನವರು ಹೊಲದ ಕಡೆ ಧೈರ್ಯವಾಗಿ ಹೊರಟರು.

ಆಗ ವಿಪಲ್‌ಗೆ 60 ದಾಟಿತ್ತು. ಮಸ್ಕಿಂಗಮ್ ದಂಡೆಯಲ್ಲಿ ಕೆಲವೇ ಎಕರೆ. ಆಳುಕಾಳಿಗೆ ಕೊಡಲು ದುಡ್ಡಿಲ್ಲ, ಸ್ವಂತ ರಟ್ಟೆಯೇ ಗತಿ.

ಆ ಕಾಲದ ಓಹಾಯೋ ಬೇಸಾಯ ಅಂದರೆ ಹೇಗಿತ್ತು? ಇಬ್ಬರು ತಬ್ಬಿದರೂ ಸಿಗದ ಮರಗಳು. ಎಲ್ಲ ಕಡಿಯಲು ಆಗುವುದಿಲ್ಲ. ಕೊಡಲಿಯಿಂದ ಬುಡದ ಸುತ್ತ ತೊಗಟೆಯನ್ನು ಬಳೆಯ ಹಾಗೆ ಕೆತ್ತಿ ಬಿಡುತ್ತಿದ್ದರು. ಬೇರಿಗೆ ಮೇಲಿಂದ ಆಹಾರ ಇಳಿಯುವುದಿಲ್ಲ. ಮರ ನಿಂತಲ್ಲೇ ಒಣಗುತ್ತದೆ, ಎಲೆ ಉದುರುತ್ತದೆ, ಬಿಸಿಲು ನೆಲ ಮುಟ್ಟುತ್ತದೆ. ಆ ಒಣಮರಗಳ ನಡುವೆ ಗುದ್ದಲಿಯಲ್ಲಿ ಗುಳಿ ತೋಡಿ ಮುಸುಕಿನ ಜೋಳದ ಕಾಳು ಹಾಕುವುದು. ನೇಗಿಲು ಬೇರಿಗೆ ಸಿಕ್ಕಿಕೊಳ್ಳುವುದರಿಂದ ಉಳುಮೆ ಆಮೇಲಿನ ಮಾತು. ಗಾಳಿ ಬೀಸಿದರೆ ಒಣಕೊಂಬೆ ತಲೆ ಮೇಲೆ. ಹಂದಿಗಳನ್ನು ಕಾಡಿಗೆ ಬಿಟ್ಟರೆ ಓಕ್ ಮರದ ಕಾಯಿ ತಿಂದು ಅವೇ ಕೊಬ್ಬುತ್ತಿದ್ದವು. ಚಳಿಗಾಲಕ್ಕೆ ಕಡಿದು, ಮಾಂಸಕ್ಕೆ ಉಪ್ಪು ಹಾಕಿ ಪೀಪಾಯಿಗೆ ತುಂಬುವುದು. ಈ ಉಪ್ಪುಮಾಂಸ ವಿಪಲ್‌ಗೆ ಹೊಸದಲ್ಲ. ಜೀವಮಾನವೆಲ್ಲ ಹಡಗಿನಲ್ಲಿ ತಿಂದದ್ದು ಅದನ್ನೇ.

ಬೆಳೆದದ್ದನ್ನು ಮಾರುವುದು ಎಲ್ಲಿ? ಅದೇ ಆಗಿನ ದೊಡ್ಡ ತಲೆನೋವು. ಪೂರ್ವಕ್ಕೆ ಬೆಟ್ಟ ಅಡ್ಡ. ಗಾಡಿಯಲ್ಲಿ ಹಿಟ್ಟು ಸಾಗಿಸಿದರೆ ಬಾಡಿಗೆಯೇ ಮಾಲಿನ ಬೆಲೆ ನುಂಗುತ್ತದೆ. ಉಳಿದ ದಾರಿ ನದಿ. ಮರಿಯೆಟ್ಟಾದ ತುಂಬ ಓಕ್ ಮರ, ನ್ಯೂ ಇಂಗ್ಲೆಂಡಿನಿಂದ ಬಂದ ಹಡಗು ಬಡಗಿಗಳು. ಸರಿ, ನದಿ ದಂಡೆಯಲ್ಲೇ ಎರಡು ಕೂವೆಯ ಹಡಗು ಕಟ್ಟಿದರು. ನೂರು ಟನ್ನಿಗೆ ಸ್ವಲ್ಪ ಮೇಲೆ. ಗವರ್ನರ್ ಹೆಸರೇ ಇಟ್ಟರು, 'ಸೇಂಟ್ ಕ್ಲೇರ್'. ಹಂದಿಮಾಂಸ, ಹಿಟ್ಟು ತುಂಬಿದರು. ನಡೆಸುವವರು ಯಾರು? ಜೋಳದ ಹೊಲದಲ್ಲಿದ್ದ 67ರ ಮುದುಕನನ್ನು ಕರೆದರು.

1801ರಲ್ಲಿ ಹಡಗು ಹೊರಟಿತು. ಸಮುದ್ರ ಮುಟ್ಟಬೇಕಾದರೆ ಓಹಾಯೋ, ಮಿಸ್ಸಿಸಿಪ್ಪಿ ಎರಡೂ ಸೇರಿ ಸುಮಾರು 2900 ಕಿಲೋಮೀಟರ್ ನದಿ. ಲೂಯಿವಿಲ್ ಹತ್ತಿರ ಬಂಡೆಗಳ ಮೇಲೆ ನೀರು ಎಂಟು ಮೀಟರಿನಷ್ಟು ಇಳಿಯುವ ಜಾಗ. ವಸಂತದ ಪ್ರವಾಹ ಇದ್ದಾಗ ದಾಟಿದರೆ ದಾಟಿದಂತೆ. ಇಲ್ಲದಿದ್ದರೆ ತಳ ಒಡೆಯುತ್ತದೆ. ವಿಪಲ್ ದಾಟಿಸಿದ. ಆಗ ಸ್ಪೇನಿನವರ ಕೈಯಲ್ಲಿದ್ದ ನ್ಯೂ ಆರ್ಲಿಯನ್ಸ್ ಹಾದು, ಕಡಲಿಗೆ ಇಳಿದು, ಕ್ಯೂಬಾದ ಹವಾನಾ ಮುಟ್ಟಿದ. ಹಿಟ್ಟು, ಮಾಂಸ ಮಾರಿ ಸಕ್ಕರೆ ತುಂಬಿಕೊಂಡು ಫಿಲಡೆಲ್ಫಿಯಾಕ್ಕೆ ಹೋದ. ಗುಲಾಮಗಿರಿ ನಿಷೇಧವಾದ ನೆಲದ ಬೆಳೆ, ಗುಲಾಮರು ದುಡಿಯುವ ದ್ವೀಪಕ್ಕೆ ಹೋಯಿತು ಅನ್ನುವುದನ್ನೂ ಗಮನಿಸಬೇಕು. ಹಡಗನ್ನು ಫಿಲಡೆಲ್ಫಿಯಾದಲ್ಲೇ ಮಾರಿದರು. ವಿಪಲ್ ನೆಲದ ದಾರಿ ಹಿಡಿದು, ಬೆಟ್ಟ ಹತ್ತಿ ಇಳಿದು, ಮತ್ತೆ ಹೊಲಕ್ಕೆ ಬಂದ. ಮುಂದಿನ ಕೆಲವು ವರ್ಷ ಮರಿಯೆಟ್ಟಾದಲ್ಲಿ ಹಡಗಿನ ಮೇಲೆ ಹಡಗು ಕಟ್ಟಿದರು. 1807ರಲ್ಲಿ ಅಧ್ಯಕ್ಷ ಜೆಫರ್ಸನ್ ಸರ್ಕಾರ ಹೊರದೇಶದ ವ್ಯಾಪಾರಕ್ಕೇ ನಿರ್ಬಂಧ ಹಾಕಿದ ಮೇಲೆ ಆ ಕಸುಬು ನೆಲಕಚ್ಚಿತು.

ಈ ಹವಾನಾ ಯಾನದ ಬಗ್ಗೆ ಎಲ್ಲರೂ ಬರೆಯುತ್ತಾರೆ. ಅದಾದ ಮೇಲಿನ ಹತ್ತು ವರ್ಷದ ಬಗ್ಗೆ ಎರಡು ಸಾಲು ಸಿಕ್ಕಿದರೆ ಹೆಚ್ಚು. ಮುದುಕ ಹೊಲ ಮಾಡಿಕೊಂಡಿದ್ದ, ಬಡತನವಿತ್ತು, ಅಷ್ಟೇ. ಜೋಳ ಒಡೆಯುವವನ ದಿನಚರಿಯನ್ನು ಯಾರು ಬರೆದಿಡುತ್ತಾರೆ? ಯುದ್ಧಹಡಗಿಗಾದರೆ ಲಾಗ್ ಪುಸ್ತಕ ಇರುತ್ತದೆ.

1811ರಲ್ಲಿ, ವಿಪಲ್‌ಗೆ 78 ಆಗುವ ಹೊತ್ತಿಗೆ, ಕಾಂಗ್ರೆಸ್ ಪಿಂಚಣಿ ಕೊಟ್ಟಿತು. ತಿಂಗಳಿಗೆ 30 ಡಾಲರ್, ಕಪ್ತಾನನ ಅರ್ಧ ಸಂಬಳ. ಸಾರಾ 1818ರಲ್ಲಿ ತೀರಿಕೊಂಡಳು. ಅವನು ಮಾರನೇ ವರ್ಷ ಮೇ 27ಕ್ಕೆ. 1811ರಿಂದ ಅವನು ಸಾಯುವವರೆಗೆ ಆ ಪಿಂಚಣಿಯನ್ನು ಕೂಡಿಸಿ ನೋಡಿದೆ. ಮೂರು ಸಾವಿರ ಡಾಲರ್ ಮುಟ್ಟುವುದಿಲ್ಲ. ಹತ್ತು ಲಕ್ಷದ ಮಾಲನ್ನು ಬಾಸ್ಟನ್ನಿಗೆ ತಂದುಕೊಟ್ಟವನಿಗೆ.

ನಮಸ್ಕಾರ.