ರಾಜಾಜಿಯವರ ಕಿರ್ದಿ

ಆಹ್ವಾನ ಪತ್ರಿಕೆಯಲ್ಲಿ 'ಭಾರತದ ಮೊದಲ ಲಿಬರ್ಟೇರಿಯನ್ ರಾಜಾಜಿ' ಎಂದು ಅಚ್ಚಾಗಿದೆ. ಲಿಬರ್ಟೇರಿಯನ್ ಎಂದರೆ ಜನರ ಬದುಕು, ಆಸ್ತಿ, ವ್ಯಾಪಾರಗಳಲ್ಲಿ ಸರ್ಕಾರ ಆದಷ್ಟೂ ಕೈಹಾಕಬಾರದು ಎನ್ನುವವರು. ಆ ಸಾಲಿಗೆ ತಕರಾರು ತೆಗೆಯಬೇಕೆಂದೇ ನಾನು ಬಂದಿದ್ದೇನೆ. ಸಂಘಟಕರಿಗೆ ಮೊದಲೇ ಹೇಳಿದ್ದೆ. ಹೇಳಿದ ಮೇಲೂ ಕರೆದದ್ದು ಅವರ ದೊಡ್ಡತನ.

ನಮ್ಮ ತಾತ ಹೊಸೂರಿನಲ್ಲಿ ದಿನಸಿ ಮಂಡಿ ಇಟ್ಟಿದ್ದರು. ಆಗ ಹೊಸೂರು ಸೇಲಂ ಜಿಲ್ಲೆಯ ತಾಲ್ಲೂಕು. ರಾಜಾಜಿ ಹುಟ್ಟಿದ ತೊರಪಳ್ಳಿಯೂ ಅಲ್ಲಿಯದೇ. ತಾತ ದಿನದ ಲೆಕ್ಕ ಬರೆದಿಟ್ಟ ಕಿರ್ದಿ ಪುಸ್ತಕಗಳು ಈಗಲೂ ನನ್ನ ಬಳಿ ಇವೆ, ಕೆಂಪು ಬಟ್ಟೆಯ ರಟ್ಟು, ಅಂಚಿಗೆಲ್ಲ ಅರಿಶಿನದ ಬೆರಳಚ್ಚು. ಎರಡನೇ ಮಹಾಯುದ್ಧದ ಕಾಲದಿಂದ ಶುರುವಾಗಿ ವರ್ಷಗಟ್ಟಲೆ ಒಂದು ಖರ್ಚು ಮತ್ತೆ ಮತ್ತೆ ಬರುತ್ತದೆ: ಅಕ್ಕಿ ಮೂಟೆ ಸಾಗಿಸುವ ಪರ್ಮಿಟ್ಟಿಗೆ ಅಲೆದ ಬಂಡಿ ಬಾಡಿಗೆ, ಕಚೇರಿಯ ಗುಮಾಸ್ತನಿಗೆ ಕಾಫಿ. 1952ರಲ್ಲಿ ಮದ್ರಾಸಿನ ಮುಖ್ಯಮಂತ್ರಿಯಾದ ರಾಜಾಜಿ ಆಹಾರಧಾನ್ಯದ ನಿಯಂತ್ರಣವನ್ನು ಕಿತ್ತುಹಾಕಿದರು. ಅಲ್ಲಿಗೆ ಆ ಖರ್ಚು ನಿಂತಿತು. ತಾತ ಗಲ್ಲಾಪೆಟ್ಟಿಗೆಯ ಮೇಲೆ ರಾಜಾಜಿಯವರ ಪಟ ತೂಗುಹಾಕಿ ದಿನವೂ ಊದುಬತ್ತಿ ಹಚ್ಚುತ್ತಿದ್ದರು. ಎಲ್ಲಕ್ಕೂ ಸರ್ಕಾರದ ಪರವಾನಗಿ ಬೇಕೆನ್ನುವ ಆಡಳಿತವನ್ನು ರಾಜಾಜಿ ಹಂಗಿಸಿದ 'ಪರ್ಮಿಟ್-ಲೈಸೆನ್ಸ್ ರಾಜ್' ಎಂಬ ಮಾತಿನ ಅರ್ಥ ನನಗೆ ಯಾವ ತರಗತಿಯಲ್ಲೂ ಅಷ್ಟು ಚೆನ್ನಾಗಿ ತಿಳಿಯಲಿಲ್ಲ.

ಆದರೆ ಕಿರ್ದಿಯನ್ನು ಹಿಂದಕ್ಕೂ ತಿರುವಬೇಕು. 1939ರಲ್ಲಿ ಹೊಸ ಬಾಬತ್ತೊಂದು ಕಾಣಿಸಿಕೊಳ್ಳುತ್ತದೆ, ಮಾರಾಟ ತೆರಿಗೆ. ತಂದವರು ಇದೇ ರಾಜಾಜಿ, ಆಗ ಮದ್ರಾಸ್ ಪ್ರಾಂತ್ಯದ ಸರ್ಕಾರದ ಮುಖ್ಯಸ್ಥರು. 1937ರ ಅಕ್ಟೋಬರಿನಲ್ಲಿ ಅವರು ಸೇಲಂ ಜಿಲ್ಲೆಯಲ್ಲಿ ಪಾನನಿಷೇಧ ಜಾರಿಗೆ ತಂದು, ಬಳಿಕ ಇನ್ನೂ ಕೆಲವು ಜಿಲ್ಲೆಗಳಿಗೆ ವಿಸ್ತರಿಸಿದರು. ಅಬಕಾರಿ ಆದಾಯ ಖೋತಾ ಆಯಿತು, ಬೊಕ್ಕಸ ತುಂಬಬೇಕಾಯಿತು. ಹೆಂಡ ಇಳಿಸುವವನ ಕಸುಬನ್ನು ಕಾನೂನಿನಿಂದ ನಿಲ್ಲಿಸಿ, ನಷ್ಟವನ್ನು ಅಕ್ಕಿ ಬೇಳೆಯ ವ್ಯಾಪಾರಿಯಿಂದ ತುಂಬಿಸಿಕೊಂಡವರು ಲಿಬರ್ಟೇರಿಯನ್ ಆಗುವುದು ಹೇಗೆ? ತಾತ ಗೊಣಗಿದರಂತೆ, ತೆರಿಗೆಯನ್ನೂ ಕಟ್ಟಿದರಂತೆ. 'ಕುಡಿದು ಬಂದು ಸಾಲ ಕೇಳುವವರು ಕಮ್ಮಿಯಾದರಲ್ಲ' ಎಂದು ಅಜ್ಜಿ ಸಮಾಧಾನ ಹೇಳುತ್ತಿದ್ದರಂತೆ.

ಇನ್ನೊಂದು ಪುಟ ನೋಡಿ. 1938ರಲ್ಲಿ ಶಾಲೆಗಳಲ್ಲಿ ಹಿಂದಿ ಕಡ್ಡಾಯ. ವಿರೋಧಿಸಿದ ಸಾವಿರಕ್ಕೂ ಹೆಚ್ಚು ಜನ ಜೈಲಿಗೆ. 1951ರಲ್ಲಿ ಕೇಂದ್ರದ ಗೃಹಮಂತ್ರಿಯಾಗಿ ಪತ್ರಿಕೆಗಳ ಮೇಲೆ ಅಂಕುಶದ ಕಾನೂನು. ಒಬ್ಬರ ಬದುಕಿನಲ್ಲಿ ನಮಗೆ ಹಿಡಿಸಿದ ಪುಟವನ್ನಷ್ಟೇ ಹರಿದು ಚೌಕಟ್ಟು ಹಾಕಿಸುವುದು ಗೌರವವಲ್ಲ.

ಹಾಗಾದರೆ 1959ರ ಸ್ವತಂತ್ರ ಪಕ್ಷ? ಕಾಂಗ್ರೆಸ್ಸಿನ ನಾಗಪುರ ಅಧಿವೇಶನ ರೈತರ ಜಮೀನುಗಳನ್ನು ಒಟ್ಟುಗೂಡಿಸಿ ಮಾಡುವ ಸಹಕಾರಿ ಬೇಸಾಯದ ಗೊತ್ತುವಳಿ ಮಾಡಿದಾಗ, ಎಂಬತ್ತು ವರ್ಷದ ಮುದುಕರು ಹೊಸ ಪಕ್ಷ ಕಟ್ಟಿ ರೈತನ ಹೊಲ ರೈತನದೇ ಎಂದು ಊರೂರು ತಿರುಗಿದರು. 1967ರಲ್ಲಿ ಲೋಕಸಭೆಯ 44 ಸ್ಥಾನ ಗೆದ್ದರು. ಆ ಧೈರ್ಯಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ಆ ಪಕ್ಷದ ತತ್ತ್ವಗಳಲ್ಲಿ ಗಾಂಧೀಜಿಯವರ ಧರ್ಮದರ್ಶಿತ್ವವೂ ಇತ್ತು, ಮರೆಯಬೇಡಿ. ನನ್ನ ಆಸ್ತಿ ನನ್ನದು, ಕೇಳಲು ನೀನ್ಯಾರು ಎನ್ನುವುದು ಇಂದಿನ ಲಿಬರ್ಟೇರಿಯನ್ನರ ಮಾತು. ಆಸ್ತಿ ನಿನ್ನ ಕೈಯಲ್ಲಿದೆ, ಅದಕ್ಕೆ ನೀನು ಕಾವಲುಗಾರ ಎನ್ನುವುದು ಗಾಂಧಿಯವರ ಮಾತು. ರಾಜಾಜಿ ಸರ್ಕಾರದ ಕೈ ಹಿಡಿದು ತಡೆದದ್ದು ಧರ್ಮದ ಕೈಗೆ ಜಾಗ ಬಿಡಲೆಂದು. ಧರ್ಮಕ್ಕೆ ಶಕ್ತಿ ಸಾಲದೆಂದು ಕಂಡಲ್ಲಿ ಸರ್ಕಾರವನ್ನೇ ಮತ್ತೆ ಕರೆದರು. ಎರಡೂ ಅವರೇ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಮಕ್ಕಳಿಗೆ ಅರ್ಧ ದಿನ ಶಾಲೆ, ಉಳಿದ ಹೊತ್ತು ಮನೆಯ ಕಸುಬು ಎಂದ ರಾಜಾಜಿಯವರ 1953ರ ಶಾಲಾ ಯೋಜನೆಯ ಬಗ್ಗೆ ಬರೆದುಕೊಂಡು ಬಂದಿದ್ದೆ, ಅದಕ್ಕೇ ಒಂದು ಗಂಟೆ ಬೇಕು, ಬಿಡುತ್ತೇನೆ. ಇದೊಂದನ್ನು ಹೇಳಿ ಮುಗಿಸುತ್ತೇನೆ. 1971ರಲ್ಲಿ ತಮಿಳುನಾಡು ಪಾನನಿಷೇಧವನ್ನು ಸಡಿಲಿಸಲು ಹೊರಟಿತು. ರಾಜಾಜಿಗೆ ಆಗ 92 ವರ್ಷ, ಕೈಯಲ್ಲಿ ಯಾವ ಅಧಿಕಾರವೂ ಇಲ್ಲ. ಸುರಿಯುವ ಮಳೆಯಲ್ಲಿ ಮುಖ್ಯಮಂತ್ರಿ ಕರುಣಾನಿಧಿಯವರ ಮನೆಗೇ ಹೋದರು. ಹೆಂಡದಂಗಡಿ ತೆರೆಸಬೇಡಿ ಎಂದು ಕೇಳಿಕೊಂಡರು. ಅಂಗಡಿಗಳು ತೆರೆದವು. ಮರುವರ್ಷ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.