ಟ್ರೇಲರ್ ಲಾರಿಯ ರಿವರ್ಸ್: ಕೋನ್ ನೋಡಬೇಡಿ, ಗಾಲಿ ನೋಡಿ

ಕೇಳುಗರಿಗೆಲ್ಲ ನಮಸ್ಕಾರ.

ಇವತ್ತು ಟ್ರೇಲರ್ ಲಾರಿಯನ್ನು ರಿವರ್ಸ್ ತೆಗೆಯುವುದರ ಬಗ್ಗೆ ಮಾತಾಡುತ್ತೇನೆ. ಅದೂ ಇಂಗ್ಲೆಂಡಿನ ಲೈಸೆನ್ಸ್ ಪರೀಕ್ಷೆಯ ರಿವರ್ಸ್. ನಾನು ಅಲ್ಲಿ ಲಾರಿ ಓಡಿಸುವವನು, ಆ ಪರೀಕ್ಷೆ ಪಾಸಾಗಿಯೇ ಈ ಕೆಲಸಕ್ಕೆ ಬಂದವನು. ಹೊಸದಾಗಿ ಕಲಿಯುವ ನಮ್ಮ ಕಡೆಯ ಹುಡುಗರು ಫೋನ್ ಮಾಡಿದಾಗ ಹೆದ್ದಾರಿ ಬಗ್ಗೆ, ಮಂಜು ಬಿದ್ದ ರಸ್ತೆ ಬಗ್ಗೆ ಯಾರೂ ಜಾಸ್ತಿ ಕೇಳುವುದಿಲ್ಲ. ಎಲ್ಲರದ್ದೂ ಒಂದೇ ಪ್ರಶ್ನೆ: "ಅಣ್ಣಾ, ರಿವರ್ಸ್ ಹೇಗೆ?"

ಮೊದಲು ಗಾಡಿ ಹೇಗಿರುತ್ತದೆ ಅಂತ ಹೇಳಿಬಿಡುತ್ತೇನೆ. ಮುಂದೆ ಎಂಜಿನ್ ಗಾಡಿ, ಹಿಂದೆ ಟ್ರೇಲರ್, ನಡುವೆ ಒಂದು ಕೀಲು. ಟ್ರೇಲರಿನ ಅಡಿಯಲ್ಲಿ ಕಿಂಗ್ ಪಿನ್ ಅಂತ ಒಂದು ಉಕ್ಕಿನ ಗೂಟ ಇರುತ್ತದೆ, ಸುಮಾರು 5 ಸೆಂಟಿಮೀಟರ್ ದಪ್ಪ. ಅದು ಎಂಜಿನ್ ಗಾಡಿಯ ಬೆನ್ನ ಮೇಲಿರುವ ಫಿಫ್ತ್ ವೀಲ್ ಎಂಬ ತಟ್ಟೆಯೊಳಗೆ ಹೋಗಿ ಲಾಕ್ ಆಗುತ್ತದೆ. ಲೋಡ್ ಸಮೇತ 44 ಟನ್ ತೂಗಬಹುದಾದ ಗಾಡಿಯನ್ನು ಒಟ್ಟಿಗೆ ಹಿಡಿದಿರುವುದು ಆ ಗೂಟ. ಪೂರ್ತಿ ಉದ್ದ 16.5 ಮೀಟರ್, ಅದರಲ್ಲಿ ಟ್ರೇಲರ್ ಒಂದೇ 13.6 ಮೀಟರ್. 2023ರ ಮೇ ಕೊನೆಯಿಂದ ಅಲ್ಲಿ ಇನ್ನೂ ಉದ್ದದ, 15.65 ಮೀಟರಿನ ಟ್ರೇಲರ್‌ಗಳಿಗೂ ಅನುಮತಿ ಸಿಕ್ಕಿದೆ. ಪರೀಕ್ಷೆಗೆ ತರುವ ಗಾಡಿ ಕನಿಷ್ಠ 14 ಮೀಟರ್ ಇರಬೇಕು.

ಈಗ ರಿವರ್ಸ್. ಟ್ರೇಲರಿನ ಹಿಂಭಾಗ ಎಡಕ್ಕೆ ಹೋಗಬೇಕು ಅಂದರೆ ಸ್ಟೇರಿಂಗ್ ಬಲಕ್ಕೆ ತಿರುಗಿಸಬೇಕು. ಇದು ಎಲ್ಲರಿಗೂ ಗೊತ್ತು. ಆದರೆ ಯಾಕೆ ಅಂತ ಕೇಳಿದರೆ ತುಂಬ ಜನ ಸುಮ್ಮನಾಗುತ್ತಾರೆ. ಟ್ರೇಲರ್ ತಿರುಗುವುದು ತನ್ನ ಹಿಂದಿನ ಗಾಲಿಗಳ ಮೇಲೆ, ಹಾಗಾಗಿ ಅದರ ಹಿಂಭಾಗ ಎಡಕ್ಕೆ ಬರಬೇಕಾದರೆ ಮುಂಭಾಗ ಬಲಕ್ಕೆ ಸರಿಯಬೇಕು, ಮುಂಭಾಗವನ್ನು ಸರಿಸುವುದು ನಿಮ್ಮ ಎಂಜಿನ್ ಗಾಡಿಯ ಬೆನ್ನು, ಆ ಬೆನ್ನು ಬಲಕ್ಕೆ ಹೋಗಬೇಕಾದರೆ ಸ್ಟೇರಿಂಗ್ ಬಲಕ್ಕೆ. ಅಷ್ಟೇ ಲೆಕ್ಕ. ಇದನ್ನು ನೆನಪಿಡಲು ಕಲಿಸುವವರು ಒಂದು ಉಪಾಯ ಹೇಳಿಕೊಡುತ್ತಾರೆ. ಸ್ಟೇರಿಂಗನ್ನು ಕೆಳಗಡೆ ಹಿಡಿಯಿರಿ, ಟ್ರೇಲರ್ ಯಾವ ಕಡೆ ಹೋಗಬೇಕೋ ಕೈಯನ್ನು ಆ ಕಡೆಗೇ ಸರಿಸಿ. ಮೊದಮೊದಲು ಇದು ಚೆನ್ನಾಗಿ ಕೆಲಸಕ್ಕೆ ಬರುತ್ತದೆ.

ಕಷ್ಟ ಇರುವುದು ಇಲ್ಲಿ ಅಲ್ಲ. ಉಲ್ಟಾ ತಿರುಗಿಸುವುದನ್ನು ಯಾರು ಬೇಕಾದರೂ ಬೇಗ ಕಲಿಯುತ್ತಾರೆ. ಕಷ್ಟ ಶುರುವಾಗುವುದು ಅದರ ಮುಂದಿನ ಕ್ಷಣದಲ್ಲಿ. ಮುಂದಕ್ಕೆ ಎಳೆದರೆ ಟ್ರೇಲರ್ ತಾನಾಗಿ ನೇರವಾಗುತ್ತದೆ. ಹಿಂದಕ್ಕೆ ತಳ್ಳಿದರೆ ತಾನಾಗಿ ಮಡಚಿಕೊಳ್ಳುತ್ತದೆ. ಕೀಲಿನಲ್ಲಿ ಒಂದು ಸಲ ಕೋನ ಶುರುವಾಯಿತು ಅಂದರೆ, ನೀವು ಸ್ಟೇರಿಂಗ್ ನೇರ ಮಾಡಿಕೊಂಡು ಕೂತರೂ ಆ ಕೋನ ಬೆಳೆಯುತ್ತಲೇ ಹೋಗುತ್ತದೆ. ಅದಕ್ಕೇ ಬಲಕ್ಕೆ ತಿರುಗಿಸಿ ಟ್ರೇಲರನ್ನು ಎಡಕ್ಕೆ ಹೊರಡಿಸಿದ ಮೇಲೆ ನಿಧಾನವಾಗಿ ಸ್ಟೇರಿಂಗನ್ನು ಎಡಕ್ಕೆ ತಂದು ಟ್ರೇಲರಿನ ಹಿಂದೆ ಹಿಂದೆ ಹೋಗಬೇಕು. ಹಾಗೆ ಹೋಗದಿದ್ದರೆ ಕೋನ ಒಂದು ಹಂತ ದಾಟುತ್ತದೆ, ದಾಟಿದ ಮೇಲೆ ಸ್ಟೇರಿಂಗ್ ಪೂರ್ತಿ ತಿರುಗಿಸಿದರೂ ಹಿಂದಕ್ಕೆ ಹೋಗುತ್ತಾ ಅದನ್ನು ಸರಿ ಮಾಡಲು ಆಗುವುದಿಲ್ಲ. ಮುಂದಕ್ಕೆ ಎಳೆಯಲೇಬೇಕು. ಹಟ ಮಾಡಿ ಹಿಂದಕ್ಕೇ ತಳ್ಳಿದರೆ ಕ್ಯಾಬಿನ್ ಹೋಗಿ ಟ್ರೇಲರಿನ ಮೂಲೆಗೆ ತಾಗುತ್ತದೆ.

ಇದರ ಜೊತೆಗೆ ಇನ್ನೊಂದಿದೆ. ಟ್ರೇಲರ್ ತಡವಾಗಿ ಉತ್ತರ ಕೊಡುತ್ತದೆ. ನೀವು ಸ್ಟೇರಿಂಗ್ ತಿರುಗಿಸಿದ ಕೂಡಲೇ ಏನೂ ಆಗುವುದಿಲ್ಲ. ಏನೂ ಆಗಲಿಲ್ಲವಲ್ಲ ಅಂತ ಕಲಿಯುವವರು ಇನ್ನಷ್ಟು ತಿರುಗಿಸುತ್ತಾರೆ. ಅಷ್ಟರಲ್ಲಿ ಮೊದಲು ತಿರುಗಿಸಿದ್ದರ ಪರಿಣಾಮ ಬರುತ್ತದೆ, ಅದರ ಮೇಲೆ ಎರಡನೆಯದೂ ಬರುತ್ತದೆ, ಗಾಬರಿಯಾಗಿ ಈ ಕಡೆಗೆ ಪೂರ್ತಿ ಎಳೆಯುತ್ತಾರೆ, ಆಮೇಲೆ ಆ ಕಡೆ, ಹೀಗೆ ಲಾರಿ ಯಾರ್ಡಿನ ತುಂಬ ಹಾವಿನ ಹಾಗೆ ಹರಿಯುತ್ತದೆ. ಇದಕ್ಕೆ ಇರುವ ಔಷಧ ಒಂದೇ. ನಡೆಯುವ ವೇಗಕ್ಕಿಂತ ನಿಧಾನವಾಗಿ ಹೋಗಬೇಕು, ಸ್ವಲ್ಪವೇ ತಿರುಗಿಸಬೇಕು, ತಿರುಗಿಸಿ ಕಾಯಬೇಕು.

ಉದ್ದನೆಯ ಟ್ರೇಲರೇ ಕಷ್ಟ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ನಿಜ ಅದರ ಉಲ್ಟಾ. ಅಂಗೈ ಮೇಲೆ ಉದ್ದನೆಯ ಕೋಲು ನಿಲ್ಲಿಸಬಹುದು, ಪೆನ್ಸಿಲ್ ನಿಲ್ಲಿಸಲಾಗುವುದಿಲ್ಲ ಅಲ್ವಾ, ಹಾಗೆ. 13.6 ಮೀಟರಿನ ಟ್ರೇಲರ್ ನಿಧಾನವಾಗಿ ಬಾಗುತ್ತದೆ, ನಿಮಗೆ ಯೋಚಿಸಲು ಸಮಯ ಕೊಡುತ್ತದೆ. ಕಾರಿನ ಹಿಂದೆ ಕಟ್ಟುವ ಪುಟ್ಟ ಟ್ರೇಲರ್ ಕಣ್ಣು ಮಿಟುಕಿಸುವುದರೊಳಗೆ ಮಡಚಿರುತ್ತದೆ.

ನೇರ ಹಿಂದಕ್ಕೆ ಹೋಗುವಾಗ ಹಿಡಿಯಬೇಕಾದ ನಿಯಮ ಇನ್ನೂ ಸುಲಭ. ಎರಡೂ ಕನ್ನಡಿ ನೋಡುತ್ತಿರಿ. ಯಾವ ಕನ್ನಡಿಯಲ್ಲಿ ಟ್ರೇಲರ್ ಜಾಸ್ತಿ ಕಾಣಲು ಶುರುವಾಯಿತೋ, ಸ್ಟೇರಿಂಗನ್ನು ಆ ಕನ್ನಡಿಯ ಕಡೆಗೆ ಒಂದು ಚೂರು ತಿರುಗಿಸಿ. ಟ್ರೇಲರ್ ವಾಪಸ್ ಹೊರಟಿತು ಅಂದ ಕೂಡಲೇ ನೇರ ಮಾಡಿ. ಕಲಿಯುವವರು ಮೊದಲು ಇದನ್ನೇ ಮಾಡಬೇಕು, ತಿರುವು ಆಮೇಲೆ. ಖಾಲಿ ಜಾಗದಲ್ಲಿ ಒಂದು ಬಿಳಿ ಗೆರೆಯ ಪಕ್ಕ ನೇರವಾಗಿ ನೂರು ಮೀಟರ್ ಹಿಂದಕ್ಕೆ ಹೋಗಲು ಬಂದರೆ ಮಿಕ್ಕಿದ್ದು ತಾನಾಗಿ ಬರುತ್ತದೆ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಬ್ರಿಟನ್ನಿನಲ್ಲೂ ನಮ್ಮಲ್ಲಿಯ ಹಾಗೆ ರಸ್ತೆಯ ಎಡಕ್ಕೆ ಓಡಿಸುವುದು, ಸ್ಟೇರಿಂಗ್ ಬಲಕ್ಕೆ. ಹಾಗಾಗಿ ಟ್ರೇಲರನ್ನು ಬಲಕ್ಕೆ ತೆಗೆಯುವುದು ಸುಲಭ. ಕಿಟಕಿಯಿಂದ ತಲೆ ಹಾಕಿದರೆ ಟ್ರೇಲರಿನ ಕೊನೆಯ ಮೂಲೆವರೆಗೂ ಕಾಣುತ್ತದೆ. ಎಡಕ್ಕೆ ತೆಗೆಯುವುದು ಕುರುಡು ಕಡೆ. ಆಗ ಎಡಗನ್ನಡಿಯ ತುಂಬ ಟ್ರೇಲರಿನ ಪಕ್ಕದ ಗೋಡೆ, ಬಲಗನ್ನಡಿಯಲ್ಲಿ ಖಾಲಿ ಯಾರ್ಡು. ಹಿಂದೆ ಏನಿದೆ ಅನ್ನುವುದು ಎರಡರಲ್ಲೂ ಕಾಣುವುದಿಲ್ಲ. ನಮ್ಮಲ್ಲಾದರೆ ಕ್ಲೀನರ್ ಇಳಿದು ಹಿಂದೆ ನಿಂತು "ಬರ್ಲಿ, ಬರ್ಲಿ" ಅಂತ ಬಾಡಿ ತಟ್ಟುತ್ತಾನೆ. ಅಲ್ಲಿ ಸಾಮಾನ್ಯವಾಗಿ ಕ್ಲೀನರ್ ಇರುವುದಿಲ್ಲ, ಡ್ರೈವರ್ ಒಬ್ಬನೇ. ನಮ್ಮ ಕ್ಲೀನರ್‌ಗಳ ಬಗ್ಗೆ ನನಗೆ ಗೌರವ ಜಾಸ್ತಿಯಾಗಿದ್ದು ಅಲ್ಲಿಗೆ ಹೋದ ಮೇಲೆ. ವರ್ಷಗಟ್ಟಲೆ ಗಾಡಿಯ ಹಿಂದೆ ನಿಂತು ಟ್ರೇಲರ್ ಹೇಗೆ ಬರುತ್ತದೆ ಅಂತ ನೋಡಿದವರು ಸ್ಟೇರಿಂಗಿಗೆ ಕೂತಾಗ ಅರ್ಧ ಕಲಿತೇ ಕೂತಿರುತ್ತಾರೆ.

ಒಬ್ಬನೇ ಇದ್ದಾಗ ಏನು ಮಾಡಬೇಕು? ನಿಲ್ಲಿಸಬೇಕು, ಹ್ಯಾಂಡ್‌ಬ್ರೇಕ್ ಹಾಕಬೇಕು, ಇಳಿದು ಹೋಗಿ ನೋಡಬೇಕು. ಪರೀಕ್ಷೆಯಲ್ಲೂ ಹೀಗೆ ಇಳಿದು ನೋಡಲು ಅವಕಾಶ ಇದೆ, ಮುಂದಕ್ಕೆ ಎಳೆದು ಸರಿ ಮಾಡಿಕೊಳ್ಳಲೂ ಇದೆ, ಎರಡಕ್ಕೂ ಮಿತಿ ಇದೆ. ಆದರೂ ಹುಡುಗರು ಇಳಿಯುವುದಿಲ್ಲ. ಇಳಿದರೆ ಇವನಿಗೆ ರಿವರ್ಸ್ ಬರುವುದಿಲ್ಲ ಅಂದುಕೊಂಡಾರು ಅಂತ ನಾಚಿಕೆ. ದಯವಿಟ್ಟು ಇಳಿಯಿರಿ. ಇಪ್ಪತ್ತು ವರ್ಷ ಲಾರಿ ಓಡಿಸಿದವರು ದಿನಾ ಇಳಿದು ನೋಡುತ್ತಾರೆ, ನಾನು ಕಣ್ಣಾರೆ ನೋಡಿದ್ದೇನೆ. ಎಷ್ಟು ಬೇಕೋ ಅಷ್ಟಕ್ಕಿಂತ ಹೆಚ್ಚು ದೂರ ರಿವರ್ಸ್ ಹೋಗಬಾರದು ಅಂತ ಆ ದೇಶದ ಕಾನೂನೇ ಹೇಳುತ್ತದೆ. ಒಳ್ಳೆಯ ಡ್ರೈವರ್ ಯಾರ್ಡಿನೊಳಗೆ ಬರುವಾಗಲೇ ಹೇಗೆ ಸುತ್ತಿ ನಿಂತರೆ ರಿವರ್ಸ್ ಚಿಕ್ಕದಾಗುತ್ತದೆ, ಬಲಗಡೆಗೆ ಬೀಳುತ್ತದೆ ಅಂತ ಯೋಚಿಸಿರುತ್ತಾನೆ.

ನಾನು ಕಲಿತಾಗ ಪರೀಕ್ಷೆಯ ರಿವರ್ಸ್ ಇಂಗ್ಲಿಷಿನ ಎಸ್ ಅಕ್ಷರದ ಆಕಾರದಲ್ಲಿತ್ತು. ಒಂದು ಪಕ್ಕದಲ್ಲಿ ಲಾರಿ ನಿಲ್ಲಿಸಿಕೊಂಡು, ಹಿಂದಕ್ಕೆ ಹೋಗುತ್ತಾ ಇನ್ನೊಂದು ಪಕ್ಕಕ್ಕೆ ದಾಟಿ, ನೇರವಾಗಿ ಒಂದು ಕಿರಿದಾದ ಜಾಗದೊಳಗೆ ಸೇರಿಸಬೇಕು. ಆ ಜಾಗದ ಅಗಲ ಗಾಡಿಯ ಅಗಲದ ಒಂದೂವರೆ ಪಟ್ಟು. ಟ್ರೇಲರ್ 2.55 ಮೀಟರ್ ಅಗಲ ಇದ್ದರೆ ಎರಡೂ ಪಕ್ಕ ಸುಮಾರು 60 ಸೆಂಟಿಮೀಟರ್ ಉಳಿಯುತ್ತದೆ. ಕೇಳಲು ಸಾಕಷ್ಟು ಅನ್ನಿಸುತ್ತದೆ. ಆದರೆ ನೀವು ಕೂತಿರುವ ಕ್ಯಾಬಿನ್ನಿನಿಂದ ಟ್ರೇಲರಿನ ಹಿಂಬದಿ ಹದಿನೈದು ಮೀಟರ್ ದೂರ ಇದೆ. ಸ್ವಲ್ಪ ಓರೆಯಾಗಿ ಹೊಕ್ಕರೂ ಮುಗಿಯಿತು.

ಇಲ್ಲೇ ನನಗೆ ಹೇಳಲೇಬೇಕಾದ ಮಾತಿರುವುದು. ಈ ರಿವರ್ಸನ್ನು ಎರಡು ರೀತಿ ಕಲಿಯಬಹುದು. ಒಂದು, ಗುರುತು ಇಟ್ಟುಕೊಂಡು. ರಸ್ತೆ ಕೆಲಸದ ಕಡೆ ಇಡುತ್ತಾರಲ್ಲ, ಆ ಶಂಕುವಿನಾಕಾರದ ಕೋನ್, ಅವೇ ಗುರುತು. ಈ ಕೋನ್ ಕನ್ನಡಿಯ ಮೂಲೆಗೆ ಬಂದಾಗ ಒಂದು ಸುತ್ತು ಬಲಕ್ಕೆ, ಆ ಕೋನ್ ಕಂಡಾಗ ಎರಡು ಸುತ್ತು ಎಡಕ್ಕೆ, ಬಾಗಿಲಿಗೆ ಆ ಕಂಬ ಸರಿಯಾದಾಗ ನೇರ. ಕೆಲವೇ ದಿನದ ಕೋರ್ಸಿನಲ್ಲಿ ಹೀಗೆ ಕಲಿಸುವವರು ತುಂಬ ಜನ ಇದ್ದಾರೆ. ಹುಡುಗರು ಪಾಸೂ ಆಗುತ್ತಾರೆ. ಆಮೇಲೆ ಕೆಲಸದ ಮೊದಲ ವಾರ ಯಾವುದೋ ಊರಿನ ಹಳೇ ಗೋದಾಮಿಗೆ ಹೋಗುತ್ತಾರೆ, ಅಲ್ಲಿ ಕೋನ್ ಇಲ್ಲ, ಗೆರೆ ಇಲ್ಲ, ನೆಲ ಇಳಿಜಾರು, ಎರಡೂ ಪಕ್ಕ ಲಾರಿಗಳು, ಎದುರಿನ ಗೋಡೆ ಹತ್ತಿರ, ಮೇಲೆ ಮಳೆ. ಕಲಿತ ಗುರುತು ಒಂದೂ ಅಲ್ಲಿ ಸಿಗುವುದಿಲ್ಲ.

ಇನ್ನೊಂದು ರೀತಿ, ಟ್ರೇಲರಿನ ಗಾಲಿಗಳನ್ನು ನೋಡಿ ಕಲಿಯುವುದು. ಕನ್ನಡಿಯಲ್ಲಿ ಕಣ್ಣಿರಬೇಕಾದದ್ದು ಹಿಂದಿನ ಗಾಲಿಗಳ ಮೇಲೆ ಮತ್ತು ಅವು ಹೋಗಿ ಸೇರಬೇಕಾದ ಜಾಗದ ಮೇಲೆ. ಟ್ರೇಲರ್ ತಿರುಗುವುದೇ ಅಲ್ಲಿ. ಗಾಲಿ ಎಲ್ಲಿಗೆ ಹೋಗುತ್ತಿದೆ, ಎಲ್ಲಿಗೆ ಹೋಗಬೇಕು, ಇವೆರಡರ ನಡುವಿನ ವ್ಯತ್ಯಾಸ ಚಿಕ್ಕದಿರುವಾಗಲೇ ಕೈ ಓಡಬೇಕು. ಇದು ನಿಧಾನವಾಗಿ ಬರುತ್ತದೆ, ಮೊದಲ ದಿನಗಳಲ್ಲಿ ಗುರುತಿನಿಂದ ಕಲಿಯುವವನೇ ಮುಂದೆ ಇರುತ್ತಾನೆ. ಇರಲಿ ಬಿಡಿ. ಹೀಗೆ ಕಲಿತವನಿಗೆ ಯಾವ ಯಾರ್ಡ್ ಆದರೂ ಒಂದೇ.

2021ರಲ್ಲಿ ಬ್ರಿಟನ್ನಿನಲ್ಲಿ ಡ್ರೈವರ್‌ಗಳ ಕೊರತೆ ಜೋರಾಯಿತು. ಅಂಗಡಿಗಳ ಕಪಾಟು ಖಾಲಿ, ಪೆಟ್ರೋಲ್ ಬಂಕ್ ಮುಂದೆ ಸಾಲು. ಸರ್ಕಾರ ಆ ನವೆಂಬರಿನಲ್ಲಿ ನಿಯಮ ಬದಲಿಸಿತು. ಮುಂಚೆ ಟ್ರೇಲರ್ ಇಲ್ಲದ ಲಾರಿಯ ಪರೀಕ್ಷೆ ಪಾಸಾಗಿ ಆಮೇಲೆ ಟ್ರೇಲರಿಗೆ ಬರಬೇಕಿತ್ತು, ಈಗ ನೇರವಾಗಿ ಟ್ರೇಲರ್ ಪರೀಕ್ಷೆಗೇ ಹೋಗಬಹುದು. ರಿವರ್ಸ್ ಮತ್ತು ಟ್ರೇಲರ್ ಬಿಚ್ಚಿ ಜೋಡಿಸುವ ಭಾಗವನ್ನು ರಸ್ತೆ ಪರೀಕ್ಷೆಯಿಂದ ಬೇರೆ ಮಾಡಿ, ಅನುಮತಿ ಪಡೆದ ಹೊರಗಿನ ಪರೀಕ್ಷಕರೂ ಅದನ್ನು ನಡೆಸಬಹುದು ಅಂತ ಮಾಡಿದರು, ತರಬೇತಿ ಕೊಡುವ ಸಂಸ್ಥೆಗಳವರೂ ಇದರಲ್ಲಿ ಸೇರುತ್ತಾರೆ. ಸರದಿ ಕಡಿಮೆ ಮಾಡಲು ಇದು ಬೇಕಿತ್ತು, ಒಪ್ಪುತ್ತೇನೆ. ಆದರೆ ಕಲಿತ ಯಾರ್ಡಿನಲ್ಲೇ, ಕಲಿತ ಕೋನ್‌ಗಳ ನಡುವೆಯೇ ಪರೀಕ್ಷೆಯೂ ಆದರೆ ಗುರುತಿಟ್ಟು ಕಲಿತವನೂ ಗಾಲಿ ನೋಡಿ ಕಲಿತವನೂ ಒಂದೇ ಥರ ಪಾಸಾಗುತ್ತಾರೆ. ಇದು ನನಗೆ ಸರಿ ಕಾಣುವುದಿಲ್ಲ.

ನಮ್ಮ ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಟ್ರೇಲರ್ ಕಟ್ಟಿದ ಟ್ರ್ಯಾಕ್ಟರನ್ನು ರಿವರ್ಸ್ ಓಡಿಸುವ ಸ್ಪರ್ಧೆ ಇಡುತ್ತಾರೆ, ಗೊತ್ತಿರಬಹುದು. ಅಲ್ಲಿ ಗೆಲ್ಲುವವರಲ್ಲಿ ಎಷ್ಟೋ ಜನ ಯಾವ ಕೋರ್ಸಿಗೂ ಹೋದವರಲ್ಲ. ಕಬ್ಬಿನ ಹೊಲದ ಬದುವಿನಲ್ಲಿ, ಕಣದಲ್ಲಿ, ಮನೆ ಮುಂದಿನ ಇಕ್ಕಟ್ಟಿನಲ್ಲಿ ದಿನಾ ಹಿಂದಕ್ಕೆ ತೆಗೆದು ಕಲಿತವರು. ನಾಲ್ಕು ಗಾಲಿಯ ಟ್ರೇಲರಿನಲ್ಲಿ ಮುಂದಿನ ಗಾಲಿಗಳೂ ತಿರುಗುತ್ತವೆ, ಅಂದರೆ ಅಲ್ಲಿ ಎರಡು ಕೀಲು. ಒಂದು ಕೀಲಿನ ಲಾರಿಗಿಂತ ಅದು ಎಷ್ಟೋ ಕಷ್ಟ. ಅದನ್ನು ತೆಗೆಯುವವನಿಗೆ ಇಂಗ್ಲೆಂಡಿನ ರಿವರ್ಸ್ ದೊಡ್ಡದಲ್ಲ. ನಿಧಾನಕ್ಕೆ ಹೋಗುವುದನ್ನು ಮಾತ್ರ ಹೊಸದಾಗಿ ಕಲಿಯಬೇಕು.

ಬಿಚ್ಚಿ ಜೋಡಿಸುವುದರ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಯಾಕೆಂದರೆ ಜೀವ ಹೋಗುವುದು ಅಲ್ಲಿ. ಎಂಜಿನ್ ಗಾಡಿಯಿಂದ ಟ್ರೇಲರಿನ ಬ್ರೇಕಿಗೆ ಹೋಗುವ ಗಾಳಿಯ ಪೈಪ್ ಸಿಕ್ಕಿಸಿದಾಗ ಟ್ರೇಲರಿನ ಒಂದು ಬ್ರೇಕ್ ಬಿಡುತ್ತದೆ. ಆಗ ಎಂಜಿನ್ ಗಾಡಿಯ ಹ್ಯಾಂಡ್‌ಬ್ರೇಕ್ ಹಾಕಿರದಿದ್ದರೆ, ಟ್ರೇಲರಿನ ಪಾರ್ಕಿಂಗ್ ಬ್ರೇಕನ್ನೂ ಹಾಕಿರದಿದ್ದರೆ, ಇಳಿಜಾರಿನಲ್ಲಿ ಇಡೀ ಲಾರಿ ಹೊರಡುತ್ತದೆ, ನೀವು ಅದರ ನಡುವೆ ನಿಂತಿರುತ್ತೀರಿ. ಹಾಗಾಗಿ ಕೆಳಗಿಳಿಯುವ ಮುಂಚೆ ಹ್ಯಾಂಡ್‌ಬ್ರೇಕ್, ಪೈಪ್ ಮುಟ್ಟುವ ಮುಂಚೆ ಟ್ರೇಲರಿನ ಬ್ರೇಕ್. ಜೋಡಿಸಿದ ಮೇಲೆ ಮುಂದಕ್ಕೆ ಎಳೆದು ಲಾಕ್ ಕೂತಿದೆಯೇ ಅಂತ ನೋಡಬೇಕು, ಆಮೇಲೆ ಕಣ್ಣಿನಿಂದಲೂ ನೋಡಬೇಕು. ಬಿಚ್ಚಿಟ್ಟ ಟ್ರೇಲರಿನ ಮುಂಭಾಗವನ್ನು ಹೊತ್ತು ನಿಲ್ಲುವ ಕಾಲುಗಳಿರುತ್ತವೆ, ಅವನ್ನು ಎತ್ತುವುದು ಅದಾದ ಮೇಲೆ. ಈ ಕ್ರಮವನ್ನು ಯಾರು ಅವಸರ ಮಾಡಿದರೂ ಬದಲಿಸಬೇಡಿ.

ಹೋಗಬೇಕು ಅಂತಿರುವವರಿಗೆ: ನಮ್ಮ ಹೆವಿ ಲೈಸೆನ್ಸನ್ನು ಅಲ್ಲಿ ಬದಲಾಯಿಸಿ ಕೊಡುವುದಿಲ್ಲ. ಮೊದಲು ಅಲ್ಲಿನ ಕಾರ್ ಲೈಸೆನ್ಸ್, ಆಮೇಲೆ ವೈದ್ಯಕೀಯ ತಪಾಸಣೆ, ಲಾರಿಯ ಲರ್ನರ್, ಥಿಯರಿ ಪರೀಕ್ಷೆ, ಆಮೇಲೆ ಈ ರಿವರ್ಸ್. ತರಬೇತಿಗೆ ಹಣ ಕಟ್ಟುವ ಮುಂಚೆ ಎರಡು ಪ್ರಶ್ನೆ ಕೇಳಿ. ಕೋನ್‌ಗಳನ್ನು ಜಾಗ ಬದಲಿಸಿ ಅಭ್ಯಾಸ ಮಾಡಿಸುತ್ತೀರಾ? ಎಡಗಡೆಗೂ ರಿವರ್ಸ್ ಕಲಿಸುತ್ತೀರಾ? ಎರಡಕ್ಕೂ ಹೌದು ಅಂದವರ ಹತ್ತಿರ ಹೋಗಿ, ಸ್ವಲ್ಪ ಜಾಸ್ತಿ ಖರ್ಚಾದರೂ ಪರವಾಗಿಲ್ಲ.

ನಮಸ್ಕಾರ.