‘ಎನಿಥಿಂಗ್ ಈಸ್ ಫೈನ್’ ಅನ್ನೋ ಮುಂಚೆ

ಕೇಳುಗರಿಗೆ ನಮಸ್ಕಾರ. ಊಟಕ್ಕೆ ಎಲ್ಲಿಗೆ ಹೋಗೋಣ ಅಂತ ಬೆಂಗಳೂರಿನ ಆಫೀಸಿನಲ್ಲಿ ಯಾರಾದರೂ ಇಂಗ್ಲಿಷಿನಲ್ಲಿ ಕೇಳಿದರೆ ನಮ್ಮವರ ಉತ್ತರ ಒಂದೇ, ‘ಎನಿಥಿಂಗ್ ಈಸ್ ಫೈನ್’. ಮನಸ್ಸೆಲ್ಲಾ ಬಿಸಿಬೇಳೆಬಾತ್ ಮೇಲೆ ಇರುತ್ತೆ, ಹೋಗಿ ತಿನ್ನೋದು ನೂಡಲ್ಸ್. ದಾಕ್ಷಿಣ್ಯ ಅಂತೀರಾ? ಇದೇ ಜನ ದರ್ಶಿನಿ ಕೌಂಟರಿನಲ್ಲಿ ‘ಸ್ಟ್ರಾಂಗ್ ಇರಲಿ, ಸಕ್ಕರೆ ಕಮ್ಮಿ, ವಡೆ ಸಾಂಬಾರಲ್ಲಿ ಮುಳುಗಿಸಬೇಡಿ, ಚಟ್ನಿ ಜಾಸ್ತಿ ಹಾಕಿ’ ಅಂತ ಒಂದೇ ಉಸಿರಿಗೆ ಹೇಳುತ್ತಾರೆ. ಇಂಗ್ಲಿಷಿನಲ್ಲಿ ಒರಟಾಗಿ ಕೇಳಿಸಿಬಿಟ್ಟರೆ ಅನ್ನೋ ಅಳುಕೇ ಜಾಸ್ತಿ.

ಅಳುಕು ಪೂರ್ತಿ ಸುಳ್ಳೇನಲ್ಲ. ‘ಐ ವಾಂಟ್ ಕಾಫಿ’ ಅಂದರೆ ವ್ಯಾಕರಣ ಸರಿ, ಆದರೆ ಹುಕುಂ ಮಾಡಿದ ಹಾಗಿರುತ್ತೆ. ‘ಐಡ್ ಲೈಕ್ ಎ ಕಾಫಿ’ ಅನ್ನಿ, ಸಾಕು; ‘ಐಡ್’ ಅಂದರೆ ‘ಐ ವುಡ್’. ‘ಐ ಲೈಕ್ ಕಾಫಿ’ ಅಂದರೆ ಕಾಫಿ ಇಷ್ಟ ಅಂತಾಯಿತೇ ಹೊರತು ಈಗ ಬೇಕು ಅಂತಾಗಲಿಲ್ಲ.

ಇನ್ನು ‘ಪ್ರಿಫರ್’. ‘ಐ ಪ್ರಿಫರ್ ಟೀ ದ್ಯಾನ್ ಕಾಫಿ’ ಅನ್ನೋದು ಊರೆಲ್ಲಾ ಕೇಳುತ್ತೆ. ನಮ್ಮ ‘ಕಾಫಿಗಿಂತ’ದಲ್ಲಿರುವ ‘ಗಿಂತ’ ಅಲ್ಲಿಗೂ ಬಂದು ಕೂತಿದೆ. ಅಲ್ಲಿ ಬರಬೇಕಾದ್ದು ‘ಟು’. ಪ್ರಿಫರ್, ಸೀನಿಯರ್, ಜೂನಿಯರ್ ಎಲ್ಲಾ ಲ್ಯಾಟಿನ್ ಮೂಲದವು, ‘ಟು’ ಜೊತೆಗೇ ಹೋಗುತ್ತವೆ. ‘ಹಿ ಈಸ್ ಸೀನಿಯರ್ ಟು ಮಿ’ ಅಂತ ಯಾವ ಆಫೀಸಿನಲ್ಲೂ ತಪ್ಪದೇ ಹೇಳುವ ನಮಗೆ ‘ಐ ಪ್ರಿಫರ್ ಟೇಕಿಂಗ್ ದ ಮೆಟ್ರೋ ಟು ಡ್ರೈವಿಂಗ್’ ಅನ್ನೋದು ಕಷ್ಟವೇನಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತವರಿಗೆ ಇದು ಬೇಗ ಬಾಯಿಗೆ ಬರುತ್ತೆ ಬಿಡಿ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ‘ಐಡ್ ರಾದರ್’, ಅಂದರೆ ‘ಅದಕ್ಕಿಂತ ಇದೇ ವಾಸಿ’ ಅನ್ನೋ ಮಾತು. ಇದಕ್ಕೆ ಮಾತ್ರ ‘ದ್ಯಾನ್’ ಬೇಕು: ‘ಐಡ್ ರಾದರ್ ವಾಕ್ ದ್ಯಾನ್ ವೇಟ್’. ‘ವಾಕ್’ ಮುಂದೆ ‘ಟು’ ಬೇಡ. ಶನಿವಾರ ಬರ್ತೀರಾ ಅಂತ ಮ್ಯಾನೇಜರ್ ಕೇಳಿದಾಗ ಅತ್ತೆ ಊರಿಂದ ಬಂದಿದ್ದಾರೆ, ಗೃಹಪ್ರವೇಶ ಇದೆ ಅಂತ ಕಥೆ ಕಟ್ಟುವ ಬದಲು ‘ಐಡ್ ರಾದರ್ ನಾಟ್, ಇಫ್ ದಟ್ಸ್ ಓಕೆ’ ಅಂದರೆ ಬೇಡ ಅಂದಂಗೂ ಆಯಿತು, ಮುಖ ಮುರಿದಂಗೂ ಆಗಲಿಲ್ಲ.

ಬೇರೆಯವರು ಏನು ಮಾಡಬೇಕು ಅಂತ ಹೇಳುವಾಗ ಮಾತ್ರ ಒಂದು ತಮಾಷೆ ಇದೆ. ರಾತ್ರಿ ಹತ್ತಕ್ಕೆ ಬ್ರೋಕರ್ ಫೋನ್ ಮಾಡಿದರೆ ಹೇಳಬೇಕಾದ್ದು ‘ಐಡ್ ರಾದರ್ ಯು ಕಾಲ್ಡ್ ಟುಮಾರೋ’. ನಾಳೆಯ ಮಾತಿಗೆ ‘ಕಾಲ್ಡ್’ ಅಂತ ಭೂತಕಾಲ. ವಿಚಿತ್ರ ಅನ್ನಿಸಿದರೂ ಸರಿಯಾದ ಇಂಗ್ಲಿಷ್ ಅದೇ. ಬ್ರೋಕರ್ ನಾಳೆ ಬೆಳಿಗ್ಗೆ ಆರಕ್ಕೇ ಮಾಡಿದರೆ ಅದಕ್ಕೆ ವ್ಯಾಕರಣ ಜವಾಬ್ದಾರಿಯಲ್ಲ.